ಖಾಲಿ ಬುಧವಾರ



ನಮ್ಮ ಊರುಗಳಲ್ಲಿ ಇಬ್ಬರು ಎದುರಾದರೆ ಮೊದಲು ಹೊರಡುವ ಮಾತು ‘ಊಟ ಆಯ್ತಾ?’ ಉತ್ತರವೂ ಒಂದೇ: ‘ಆಯ್ತು, ನಿಮ್ದು?’ ಈ ವಯಸ್ಸಿನವರೆಗೆ ಯಾರೊಬ್ಬರೂ ನನಗೆ ‘ಇಲ್ಲಪ್ಪ, ಇವತ್ತು ಒಲೆ ಹಚ್ಚಿಲ್ಲ’ ಅಂದದ್ದಿಲ್ಲ. ಹಾಗಂತ ನಾನು ಮಾತಾಡಿಸಿದವರೆಲ್ಲ ಉಂಡೇ ಇದ್ದರು ಎಂದು ಈಗ ನಂಬಲಾರೆ.

ನಮ್ಮ ತಂದೆ ವಾರಾನ್ನದ ಹುಡುಗ. ಹೊಸ ಕಾಲದವರಿಗೆ ಆ ಮಾತು ತಿಳಿಯದಿರಬಹುದು. ಹಳ್ಳಿಯಿಂದ ಓದಲು ಪೇಟೆಗೆ ಬಂದ ಬಡ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆಗಳು ಏಳು ದಿನ ಊಟ ಹಾಕುತ್ತಿದ್ದವು. ಒಂದು ಮನೆಗೆ ವಾರಕ್ಕೊಂದು ಎಲೆ ಹೆಚ್ಚು, ಅಷ್ಟೆ. ಮೈಸೂರು, ಧಾರವಾಡಗಳಲ್ಲಿ ಎಷ್ಟೋ ಮೇಷ್ಟರು, ವಕೀಲರು ಹೀಗೆ ಉಂಡು ಓದಿದವರು. ಅದರಲ್ಲಿದ್ದ ಕುಂದನ್ನು ಮುಚ್ಚಿಡುವುದು ಬೇಡ. ಬಹುಮಟ್ಟಿಗೆ ಜಾತಿ ಕೇಳಿಯೇ ಎಲೆ ಹಾಕುತ್ತಿದ್ದರು. ಆ ಗೆರೆ ಅಳಿಸಿ ದೊಡ್ಡ ಒಲೆ ಹೂಡಿದವರೂ ನಮ್ಮಲ್ಲೇ ಇದ್ದರು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿ ಜಾತಿ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟರು. ಆ ಒಲೆಯ ಹಿಂದೆ ಸುತ್ತಲ ಹಳ್ಳಿಗಳ ರೈತರು ಅಳೆದು ಕೊಟ್ಟ ರಾಗಿ, ಭತ್ತ ಇತ್ತು. ಸ್ವಾಮೀಜಿ ತಾವೇ ಊರೂರಿಗೆ ಭಿಕ್ಷೆಗೆ ಹೋಗುತ್ತಿದ್ದರು. 2019ರಲ್ಲಿ ಅವರು ಲಿಂಗೈಕ್ಯರಾದಾಗ ನಾವು ನೆನೆದದ್ದು ಅವರನ್ನು. ಮನೆಯ ಕಣಜದಿಂದ ನಾಲ್ಕು ಸೇರು ತೆಗೆದಿಟ್ಟ ಹೆಸರಿಲ್ಲದವರನ್ನೂ ನೆನೆಯಬಹುದಿತ್ತು.

ತಂದೆಯ ವಿಷಯ ಹೇಳುತ್ತಿದ್ದೆ. ಅವರಿಗೆ ಸಿಕ್ಕಿದ್ದು ಆರೇ ಮನೆ. ಬುಧವಾರ ಖಾಲಿ. ಅವತ್ತು ಮಧ್ಯಾಹ್ನ ಕೆರೆಯ ಏರಿ ಮೇಲೆ ಒಂದು ಸುತ್ತು ಹೋಗಿ, ಉಂಡು ಬಂದವರ ಹಾಗೆ ಬಾಯಿ ಒರೆಸಿಕೊಂಡು ಬಂದು ಕೂರುತ್ತಿದ್ದರಂತೆ. ಯಾರಾದರೂ ಕೇಳಿದರೆ ‘ಆಯ್ತು.’

ಅಂಥ ‘ಆಯ್ತು’ ಈಗಲೂ ಕೇಳುತ್ತದೆ. ನಮ್ಮ ಬೀದಿಗೆ ಸೊಪ್ಪು ತರುವ ಒಬ್ಬ ಅಜ್ಜಿ ಇದ್ದಾರೆ. ಮೂರು ತಿಂಗಳಿಂದ ಅವರಿಗೆ ರೇಷನ್ ಸಿಕ್ಕಿರಲಿಲ್ಲ. ನನಗೆ ತಿಳಿದದ್ದು ಆಕಸ್ಮಿಕವಾಗಿ. ‘ಅಂಗಡೀಲಿ ಹೆಬ್ಬೆಟ್ಟು ಬರ್ತಿಲ್ಲ ಸ್ವಾಮಿ’ ಎಂದು ಕೈ ತೋರಿಸಿದರು. ಮಣ್ಣು, ನೀರು, ಸೊಪ್ಪಿನ ಕಟ್ಟಿನಲ್ಲಿ ಅರುವತ್ತು ವರ್ಷ ಸವೆದ ಬೆರಳು. ಅದರಲ್ಲಿ ಗೆರೆ ಎಲ್ಲಿಂದ ಬರಬೇಕು? 2013ರ ಆಹಾರ ಭದ್ರತಾ ಕಾಯ್ದೆ ಬಡ ಕುಟುಂಬದ ಪ್ರತಿ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯವನ್ನು ಹಕ್ಕು ಅನ್ನುತ್ತದೆ. ಅಂತ್ಯೋದಯ ಕಾರ್ಡಿದ್ದರೆ ಮನೆಗೆ 35 ಕೆ.ಜಿ. ಹಕ್ಕಿತ್ತು, ಅಕ್ಕಿ ಇರಲಿಲ್ಲ. ಆಗಬೇಕಿದ್ದ ಕೆಲಸವಾದರೂ ಎಂಥದು? ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡುವುದು, ಒಂದು ಮೊಬೈಲ್ ನಂಬರು ಜೋಡಿಸುವುದು. ಎರಡು ದಿನ ‘ಸರ್ವರ್ ಇಲ್ಲ’ ಅನ್ನಿಸಿಕೊಂಡು ವಾಪಸಾದೆವು. ಮೂರನೆಯ ದಿನ ಆಯಿತು. ಅಕ್ಕಿಯ ಮೂಟೆ ಹೊತ್ತು ದಾನ ಕೊಟ್ಟಿದ್ದರೆ ನನಗೆ ಇದಕ್ಕಿಂತ ಹೆಚ್ಚು ಹೊಗಳಿಕೆ ಸಿಗುತ್ತಿತ್ತು. ಅಜ್ಜಿಗೆ ಒಂದಷ್ಟು ದಿನದ ಅನ್ನ ಸಿಗುತ್ತಿತ್ತು, ಅಷ್ಟೆ.

ಕಟ್ಟಡದ ಕೆಲಸಕ್ಕೆ ದೂರದೂರಿನಿಂದ ಬಂದವರು ತಮ್ಮ ಕಾರ್ಡು ಊರಲ್ಲೇ ಉಳಿಯಿತೆಂದು ಕೈಚೆಲ್ಲಿರುತ್ತಾರೆ. ಆ ಕಾರ್ಡಿಗೆ ಆಧಾರ್ ಜೋಡಿಸಿದ್ದರೆ, ಅದರ ಸಂಖ್ಯೆ ಹೇಳಿ ಬೆರಳಚ್ಚು ಕೊಟ್ಟು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲೇ ಬಂದಿದೆ. ಪಕ್ಕದ ಶೆಡ್ಡಿನಲ್ಲಿರುವ ಹೆಣ್ಣುಮಗಳಿಗೆ ಅದು ಗೊತ್ತೇ? ಒಂದು ಮಾತು ಕೇಳಿ ನೋಡಿ.

ಇನ್ನು ಮದುವೆ ಮನೆಯಲ್ಲಿ ಉಳಿಯುವ ಅನ್ನ. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಶರಣ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿಕಾಳು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದದ್ದಕ್ಕೆ ಹೆಂಡತಿ ಲಕ್ಕಮ್ಮ ಗದರಿ, ಹೆಚ್ಚಿನದನ್ನು ಹಿಂದಿರುಗಿಸಿ ಬಾ ಎಂದು ಕಳಿಸಿದಳಂತೆ. ಆಕೆ ನಮ್ಮ ಕಲ್ಯಾಣಮಂಟಪದ ಹಿಂಬಾಗಿಲಿಗೆ ಬಂದು ನಿಂತರೆ ಏನನ್ನುತ್ತಿದ್ದಳೋ! ಎಲೆಯಲ್ಲಿ ಬಿಟ್ಟದ್ದನ್ನು ಯಾರಿಗೂ ಕೊಡುವಂತಿಲ್ಲ. ಪಾತ್ರೆಯಲ್ಲಿ ಉಳಿದದ್ದನ್ನು ಕೊಡಬಹುದು, ಆದರೆ ಹೊತ್ತಿಗೆ ಸರಿಯಾಗಿ. ಸಂಜೆ ಐದಕ್ಕೆ ನೆನಪಾಗಿ ಅನಾಥಾಲಯಕ್ಕೆ ಫೋನು ಮಾಡುವ ಹೊತ್ತಿಗೆ ಹುಳಿ ಹಳಸಿರುತ್ತದೆ, ಕೋಸಂಬರಿ ನೀರು ಬಿಟ್ಟಿರುತ್ತದೆ. ನಮಗೆ ಬೇಡವಾದದ್ದನ್ನು ಬಡವರ ಹೊಟ್ಟೆಗೆ ಸಾಗಹಾಕುವುದಕ್ಕೆ ದಾನವೆಂಬ ಹೆಸರು ಬೇರೆ. ಅಡುಗೆ ಭಟ್ಟರಿಗೆ ಮೊದಲೇ ಹೇಳಿಟ್ಟು, ಕೊನೆಯ ಪಂಕ್ತಿ ಏಳುವ ಮುನ್ನ ಬೇರೆ ಪಾತ್ರೆಗೆ ತೆಗೆಸಿ, ಎರಡು ಗಂಟೆಯೊಳಗೆ ಕಳಿಸಿದರೆ ಅದು ಊಟ.

ನಮ್ಮಜ್ಜಿ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಇಲ್ಲದವರಿಗೆಂದು ಬೇರೆ ಗಡಿಗೆಗೆ ಹಾಕುತ್ತಿದ್ದರು. ಮೊದಲೇ ತೆಗೆದಿಟ್ಟದ್ದಲ್ಲ, ನಮ್ಮ ಪಾಲಿನಿಂದ ತೆಗೆದದ್ದು. ಹಾಗಾಗಿ ಎಲ್ಲರ ಎಲೆಯಲ್ಲೂ ಒಂದೊಂದು ತುತ್ತು ಕಡಿಮೆ. ಮೊನ್ನೆ ಕುತೂಹಲಕ್ಕೆ ನನ್ನ ಹಿಡಿಯನ್ನು ತೂಗಿ ನೋಡಿದೆ. 50 ಗ್ರಾಂ ಆಸುಪಾಸು. ತಿಂಗಳಿಗೆ ಒಂದೂವರೆ ಕೆ.ಜಿ. ನಮ್ಮ ಬೀದಿಯಲ್ಲಿ 24 ಮನೆಗಳಿವೆ. ಗುಣಿಸಿದರೆ 36 ಕೆ.ಜಿ., ಒಂದು ಅಂತ್ಯೋದಯ ಕಾರ್ಡಿಗಿಂತ ಒಂದು ಕೆ.ಜಿ. ಹೆಚ್ಚು. ಹೆಂಡತಿಗೆ ಹೇಳಿದೆ. ‘ಲೆಕ್ಕ ಸರಿ, ಗಡಿಗೆ ಎಲ್ಲಿ?’ ಅಂದಳು.

ತಂದೆಯ ಬುಧವಾರ ಹಾಗೇ ಉಳಿಯಲಿಲ್ಲ. ಗುರುವಾರದ ಮನೆಯ ಯಜಮಾನಿಯ ಕಣ್ಣು ಸೂಕ್ಷ್ಮ. ಹುಡುಗ ತಮ್ಮಲ್ಲಿ ಮೂರು ಸಲ ಅನ್ನ ಹಾಕಿಸಿಕೊಳ್ಳುವುದನ್ನು ನಾಲ್ಕಾರು ವಾರ ನೋಡಿದರು. ಏನೂ ಕೇಳಲಿಲ್ಲ. ಒಂದು ದಿನ ಬಡಿಸುತ್ತಾ, ‘ನಮ್ಮ ಹುಡುಗ ಲೆಕ್ಕದಲ್ಲಿ ಬಲು ಹಿಂದೆ ಕಣಪ್ಪ. ಬುಧವಾರ ಮಧ್ಯಾಹ್ನ ಬಂದು ಒಂದಿಷ್ಟು ಹೇಳಿಕೊಡ್ತೀಯಾ? ಊಟ ಇಲ್ಲೇ ಮಾಡಿದರಾಯ್ತು’ ಅಂದರಂತೆ. ತಂದೆ ತಪ್ಪದೆ ಹೋದರು, ಹೇಳಿಕೊಟ್ಟರು, ಉಂಡರು. ಆ ಹುಡುಗ ತನ್ನ ತರಗತಿಯಲ್ಲಿ ಲೆಕ್ಕಕ್ಕೆ ಎಂದೂ ಮೊದಲಿಗನೇ ಆಗಿದ್ದನೆಂಬುದು ಅವರಿಗೆ ತಿಳಿದದ್ದು ಮಾರನೆಯ ವರ್ಷ.