ಐ.ಸಿ. ಎಂದರೇನು?

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣ)



ಟಿ.ವಿ. ರಿಪೇರಿಗೆ ಕೊಟ್ಟಾಗ "ಐ.ಸಿ. ಹೋಗಿದೆ" ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ನಾವು ಹಣ ಕೊಟ್ಟು ಬರುತ್ತೇವೆಯೇ ಹೊರತು ಹೋದದ್ದು ಏನೆಂದು ವಿಚಾರಿಸುವುದಿಲ್ಲ. ಇಂದು ಅದನ್ನು ವಿಚಾರಿಸೋಣ.

ಐ.ಸಿ. ಎಂದರೆ ಇಂಟಿಗ್ರೇಟೆಡ್ ಸರ್ಕ್ಯೂಟ್. ಕನ್ನಡದಲ್ಲಿ ಸಂಯೋಜಿತ ಮಂಡಲ ಎನ್ನಬಹುದು. ಹಿಂದೆ ಟ್ರಾನ್ಸಿಸ್ಟರ್, ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಬೇರೆ ಬೇರೆಯಾಗಿ ತಯಾರಿಸಿ ಒಂದಕ್ಕೊಂದು ಬೆಸೆಯಬೇಕಿತ್ತು. ಬೆಸುಗೆ ಹೆಚ್ಚಿದಷ್ಟೂ ಕೆಡುವ ಜಾಗಗಳು ಹೆಚ್ಚು. 1958ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯ ಜ್ಯಾಕ್ ಕಿಲ್ಬಿ ಇವೆಲ್ಲವನ್ನೂ ಜರ್ಮೇನಿಯಂನ ಒಂದೇ ತುಂಡಿನಲ್ಲಿ ಮಾಡಿ ತೋರಿಸಿದರು. ಮರುವರ್ಷ ರಾಬರ್ಟ್ ನಾಯ್ಸ್, ಸಿಲಿಕಾನ್ ತುಂಡಿನ ಮೇಲೆಯೇ ಲೋಹದ ಸಂಪರ್ಕಗಳನ್ನೂ ಮೂಡಿಸುವ ದಾರಿ ಕಂಡುಕೊಂಡರು. ಕಿಲ್ಬಿಗೆ 2000ದಲ್ಲಿ ನೊಬೆಲ್ ಬಹುಮಾನ ಬಂತು.

ಇನ್ನೊಂದು ಹೆಸರನ್ನೂ ನೆನಪಿಡಿ. ಈಜಿಪ್ಟಿನ ಪೋರ್ಟ್ ಸಯೀದ್‌ನಲ್ಲಿ ಹುಟ್ಟಿ, ಕೈರೋದಲ್ಲಿ ಓದಿ, ಅಮೆರಿಕಕ್ಕೆ ಹೋದ ಮುಹಮ್ಮದ್ ಅತಾಲ್ಲಾ. ಬೆಲ್ ಪ್ರಯೋಗಾಲಯದಲ್ಲಿ ಅವರು ದಾವೋನ್ ಕಾಂಗ್ ಜೊತೆ ಸೇರಿ ರೂಪಿಸಿದ 'ಮಾಸ್' ಬಗೆಯ ಟ್ರಾನ್ಸಿಸ್ಟರೇ ಇಂದಿನ ಐ.ಸಿ.ಗಳ ತಳಹದಿ. 1971ರ ಇಂಟೆಲ್ 4004ರಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್‌ಗಳಿದ್ದವು. ಇಂದು ನಿಮ್ಮ ಕಿಸೆಯಲ್ಲಿರುವ ಮೊಬೈಲಿನ ಪ್ರೊಸೆಸರಿನಲ್ಲಿ ನೂರಾರು ಕೋಟಿ ಇವೆ.

ಮಾತಿನಲ್ಲಿ ನಾವು ಐ.ಸಿ., ಚಿಪ್, ಪ್ರೊಸೆಸರ್ ಎಲ್ಲವನ್ನೂ ಒಂದೇ ಎನ್ನುತ್ತೇವೆ. ಸರಿಯಾಗಿ ಹೇಳುವುದಾದರೆ ಚಿಪ್ ಎಂದರೆ ಸಿಲಿಕಾನಿನ ಆ ಚೂರು. ಅದರಲ್ಲಿ ರಚಿಸಿದ ಮಂಡಲವೇ ಐ.ಸಿ. ಹೊರಗೆ ಕಾಣುವ ಕಾಲುಗಳುಳ್ಳ ಕಪ್ಪು ಪೆಟ್ಟಿಗೆ ಅದರ ಕವಚ ಮಾತ್ರ. ಪ್ರೊಸೆಸರ್ ಒಂದು ಬಗೆಯ ಐ.ಸಿ.; ಆದರೆ ಎಲ್ಲ ಐ.ಸಿ.ಗಳೂ ಪ್ರೊಸೆಸರ್ ಅಲ್ಲ. ಧ್ವನಿ ಹೆಚ್ಚಿಸುವ ಐ.ಸಿ. ಇದೆ, ನೆನಪಿಡುವ ಐ.ಸಿ. ಇದೆ. ಸಿಮ್ ಕಾರ್ಡಿನೊಳಗೂ ಐ.ಸಿ. ಇದೆ.

ಇದು ದೂರದ ಮಾತಲ್ಲ. ಕಿಲ್ಬಿಯವರ ಅದೇ ಕಂಪೆನಿ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಐ.ಸಿ. ವಿನ್ಯಾಸಕ್ಕೆ ಬೇಕಾದದ್ದು ಗಣಿತ, ಭೌತಶಾಸ್ತ್ರ ಮತ್ತು ತಾಳ್ಮೆ. ಇಂಜಿನಿಯರಿಂಗ್ ಓದಲು ಮೂಡುಬಿದಿರೆಯಲ್ಲೇ ಕಾಲೇಜುಗಳಿವೆ, ಸುರತ್ಕಲ್ಲಿನ ಎನ್.ಐ.ಟಿ.ಕೆ. ಕೂಡ ದೂರವಿಲ್ಲ.

ರಿಪೇರಿ ಕೆಲಸ ಹಲಾಲ್ ದುಡಿಮೆ. ಅದನ್ನು ಯಾರೂ ಕೀಳಾಗಿ ಕಾಣಬಾರದು. ಆದರೆ ಹೋದ ಐ.ಸಿ.ಯನ್ನು ಬದಲಿಸುವ ಕೈಗಳ ಜೊತೆಗೆ ಹೊಸ ಐ.ಸಿ.ಯನ್ನು ರೂಪಿಸುವ ತಲೆಗಳೂ ನಮ್ಮ ಮನೆಗಳಿಂದ ಬರಬೇಕು. ಪೋಷಕರೇ, ಹತ್ತನೆಯ ತರಗತಿಯ ನಂತರ ವಿಜ್ಞಾನ ಓದಬೇಕೆನ್ನುವ ಮಗನನ್ನು ದುಡಿಮೆಗೆಂದು, ಮಗಳನ್ನು ಮದುವೆಗೆಂದು ಅರ್ಧದಲ್ಲೇ ನಿಲ್ಲಿಸಬೇಡಿ. ಇನ್ನೆರಡು ವರ್ಷ ಕಾಯಿರಿ. ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ, ಆಮೀನ್. ವಸ್ಸಲಾಂ.