ಟ್ರೈನಿಂಗ್ ಮುಗಿದ ಮೇಲಿನ ಸೋಮವಾರ

ಸಾಲ ಮಾಡಿ ಫೀಸು ಕಟ್ಟಿ ಇಂದು ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಂದೆತಾಯಂದಿರೇ, ಕರಿಯ ಗೌನಿನೊಳಗೆ ಬೆವರುತ್ತಿರುವ ಪದವೀಧರರೇ,

ನಾಯಕರಾಗಿ ಎಂದು ಹಾರೈಸುವುದು ಇಂಥ ವೇದಿಕೆಯ ವಾಡಿಕೆ. ನಾನು ಬೇರೆ ಮಾತು ಹೇಳುತ್ತೇನೆ. ನೀವೆಲ್ಲ ಸದ್ಯದಲ್ಲೇ ಯಾರದೋ ಕೈಕೆಳಗೆ ಕೆಲಸಕ್ಕೆ ಸೇರುತ್ತೀರಿ. ಕೆಲವು ವರ್ಷಗಳಲ್ಲಿ ನಿಮ್ಮ ಕೈಕೆಳಗೂ ನಾಲ್ಕಾರು ಜನ ಬರುತ್ತಾರೆ. ಆ ಹೊತ್ತಿಗೆ ಕಂಪನಿ ನಿಮ್ಮನ್ನು ಒಂದು ವಾರ ಲೀಡರ್‌ಶಿಪ್ ಟ್ರೈನಿಂಗಿಗೆ ಕಳಿಸುತ್ತದೆ. ಹಸಿರು ಆವರಣ, ಒಳ್ಳೆಯ ಊಟ, ಕೊರಳಿಗೆ ಬ್ಯಾಡ್ಜು, ಕೊನೆಯ ದಿನ ಗ್ರೂಪ್ ಫೋಟೊ. ಇಂಥ ತರಬೇತಿ ಶಾಲೆಗಳು ಹೇಗೆ ಬೆಳೆದವು, ಬೆಳೆಯುತ್ತ ಏನನ್ನು ಕಂಡುಕೊಂಡವು ಎಂಬುದೇ ಇವತ್ತಿನ ನನ್ನ ಮಾತು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಒಂದು ಯೋಚನೆ ಹರಳುಗಟ್ಟಿತ್ತು. ಸೇನೆ ತನ್ನ ನಡುವಯಸ್ಸಿನ ಅಧಿಕಾರಿಗಳನ್ನು ಸ್ಟಾಫ್ ಕಾಲೇಜಿಗೆ ಕಳಿಸಿ ದೊಡ್ಡ ಹುದ್ದೆಗೆ ಅಣಿಗೊಳಿಸುತ್ತದಲ್ಲ, ಕಾರ್ಖಾನೆಗೂ ಬ್ಯಾಂಕಿಗೂ ಸರ್ಕಾರಿ ಇಲಾಖೆಗೂ ಅಂಥದ್ದೊಂದು ಏಕಿರಬಾರದು? ಥೇಮ್ಸ್ ದಡದ ಹೆನ್ಲಿಯ ಬಳಿ 1945ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. 1948ರಲ್ಲಿ ಮೊದಲ ತಂಡ ಬಂತು. ಅಲ್ಲಿ ಮೇಷ್ಟರ ಉಪನ್ಯಾಸಕ್ಕಿಂತ ‘ಸಿಂಡಿಕೇಟ್’ ಎಂಬ ಪದ್ಧತಿಗೇ ಪ್ರಾಶಸ್ತ್ಯ. ಬ್ಯಾಂಕಿನವರು, ಕಾರ್ಖಾನೆಯವರು, ಸರ್ಕಾರದವರು ಬೆರೆತ ಹತ್ತು ಹನ್ನೊಂದು ಜನರ ಗುಂಪಿಗೆ ಒಂದು ವಿಷಯ ಕೊಡುತ್ತಿದ್ದರು. ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ. ಗುಂಪು ಓದಿ, ಜಗಳಾಡಿ, ವರದಿ ಬರೆದು, ಉಳಿದ ಗುಂಪುಗಳ ಎದುರು ಅದನ್ನು ಸಮರ್ಥಿಸಿಕೊಳ್ಳಬೇಕಿತ್ತು. ಮುಂದಿನ ವಿಷಯಕ್ಕೆ ಅಧ್ಯಕ್ಷ ಬದಲಾಗುತ್ತಿದ್ದ. ಇವತ್ತು ಮೇಜಿನ ತಲೆಯಲ್ಲಿ ಕುಳಿತವನು ನಾಳೆ ಪಕ್ಕದ ಕುರ್ಚಿಯಲ್ಲಿ ಕುಳಿತು ಇನ್ನೊಬ್ಬನ ಮಾತು ಕೇಳಬೇಕಿತ್ತು. ಇಡೀ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಇದೊಂದೇ.

ಆ ಮಾದರಿಯನ್ನೇ ತಂದು 1956ರಲ್ಲಿ ಹೈದರಾಬಾದಿನಲ್ಲಿ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜ್ ಆಫ್ ಇಂಡಿಯಾ ಕಟ್ಟಿದರು. ನಿಜಾಮರ ಹಿರಿಯ ಮಗ ವಾಸವಿದ್ದ ಬೆಲ್ಲಾ ವಿಸ್ಟಾ ಅರಮನೆಯೇ ಅದರ ಆವರಣ. ಆರಂಭದ ವರ್ಷಗಳಲ್ಲಿ ಪ್ರಿನ್ಸಿಪಾಲರಾಗಿದ್ದವರು ಆಗಷ್ಟೇ ಭೂಸೇನೆಯ ಮುಖ್ಯಸ್ಥ ಹುದ್ದೆಯಿಂದ ನಿವೃತ್ತರಾಗಿದ್ದ ಜನರಲ್ ಶ್ರೀನಾಗೇಶ್. ಅವರೇ ಮುಂದೆ 1964ರಲ್ಲಿ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದರು. ಆ ಕಾಲೇಜು ಹುಟ್ಟಿದಾಗ ಹೊಸ ಸ್ವತಂತ್ರ ದೇಶ ಉಕ್ಕಿನ ಕಾರ್ಖಾನೆ, ಅಣೆಕಟ್ಟುಗಳನ್ನು ಕಟ್ಟಲು ಹೊರಟಿತ್ತು, ಅವುಗಳನ್ನು ನಡೆಸುವವರು ಬೇಕಿತ್ತು.

ಅದೇ 1956ರಲ್ಲಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಹಡ್ಸನ್ ನದಿಯ ಬಳಿಯ ಕ್ರೋಟನ್‌ವಿಲ್‌ನಲ್ಲಿ ತನ್ನದೇ ಶಾಲೆ ತೆರೆಯಿತು. ಕಾರಣ ಸರಳ. ಮುಖ್ಯಸ್ಥ ರಾಲ್ಫ್ ಕಾರ್ಡಿನರ್ ಆ ಬೃಹತ್ ಕಂಪನಿಯನ್ನು ನೂರಕ್ಕೂ ಹೆಚ್ಚು ವಿಭಾಗಗಳಾಗಿ ಒಡೆದು, ಒಂದೊಂದರ ಲಾಭನಷ್ಟಕ್ಕೂ ಒಬ್ಬೊಬ್ಬ ಮ್ಯಾನೇಜರನನ್ನು ಹೊಣೆ ಮಾಡಿದ್ದರು. ಅಷ್ಟು ಮ್ಯಾನೇಜರುಗಳನ್ನು ತರುವುದಾದರೂ ಎಲ್ಲಿಂದ? ಮೊದಲ ಕೋರ್ಸು ಹದಿಮೂರು ವಾರಗಳದ್ದು. ಮ್ಯಾನೇಜರನ ಕೆಲಸವೇನೆಂದು ವಿವರಿಸುವ ದಪ್ಪದಪ್ಪ ಸಂಪುಟಗಳನ್ನೇ ಕಂಪನಿ ಬರೆಸಿತ್ತು. ಯೋಜನೆ, ಸಂಘಟನೆ, ಸಮನ್ವಯ, ಅಳತೆ, ಎಲ್ಲಕ್ಕೂ ಅಧ್ಯಾಯ. ಇಷ್ಟು ಓದಿದರೆ ಯಾರು ಬೇಕಾದರೂ ಯಾವ ವಿಭಾಗವನ್ನಾದರೂ ನಡೆಸಬಲ್ಲರು ಎಂಬ ನಂಬಿಕೆ.

ಆ ನಂಬಿಕೆಗೆ ಪೆಟ್ಟು ಕೊಡಬಲ್ಲ ಅಧ್ಯಯನವೊಂದು ಅದಕ್ಕೂ ಮೊದಲೇ ಅಚ್ಚಾಗಿತ್ತು. ಟ್ರ್ಯಾಕ್ಟರು, ಲಾರಿ ತಯಾರಿಸುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಷಿಕಾಗೋದ ತನ್ನ ಶಾಲೆಯಲ್ಲಿ ಫೋರ್‌ಮನ್‌ಗಳಿಗೆ ಕಾರ್ಮಿಕರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಕಲಿಸುತ್ತಿತ್ತು. ಎಡ್ವಿನ್ ಫ್ಲೈಷ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಅವರನ್ನು ಶಾಲೆಯಲ್ಲಿ ಅಳೆದು ಸುಮ್ಮನಾಗಲಿಲ್ಲ, ಕಾರ್ಖಾನೆಗೂ ಹೋಗಿ ಅಳೆದರು. ಶಾಲೆಯ ಕೊನೆಯ ದಿನ ಫೋರ್‌ಮನ್‌ಗಳ ಮನಸ್ಸು ಮೆದುವಾಗಿತ್ತು. ಕಾರ್ಖಾನೆಗೆ ಮರಳಿದ ಮೇಲೆ ಆ ಮೆದುತನ ಉಳಿಯಲಿಲ್ಲ. ಉಳಿದದ್ದೇನಿದ್ದರೂ ಮೇಲಧಿಕಾರಿಯ ನಡೆ. ಮೇಲಿನವನು ಕೈಕೆಳಗಿನವರನ್ನು ಮನುಷ್ಯರಂತೆ ಕಂಡರೆ ಫೋರ್‌ಮನ್ನನೂ ಹಾಗೆ ಕಾಣುತ್ತಿದ್ದ. ಮೇಲಿನವನು ಗದರುತ್ತಿದ್ದರೆ ಇವನೂ ಗದರುತ್ತಿದ್ದ. 1953ರಲ್ಲಿ ಪ್ರಕಟವಾದ ಮಾತು ಇದು. ಇವತ್ತಿಗೂ ಕಂಪನಿಗಳು ತರಬೇತಿಗೆ ಕೋಟ್ಯಂತರ ರೂಪಾಯಿ ಸುರಿಯುವಾಗ ಇದನ್ನು ನೆನೆಯುವುದು ಕಡಿಮೆ. ಗದರುವ ಸಾಹೇಬರ ಕೈಕೆಳಗಿನವರನ್ನು ಮಾತ್ರ ತರಬೇತಿಗೆ ಕಳಿಸುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಬಹುಕಾಲ ನಾನೂ ಕಾರ್ಖಾನೆಗಳಲ್ಲಿ ಸೂಪರ್‌ವೈಸರುಗಳಿಗೆ ಕ್ಲಾಸು ತೆಗೆದುಕೊಂಡವನು. ಊಟದ ಬಿಡುವಿನಲ್ಲಿ ಯಾರಾದರೊಬ್ಬರು ಹತ್ತಿರ ಬಂದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಎಲ್ಲಾ ಸರಿ ಸಾರ್, ಇದನ್ನ ನಮ್ಮ ಸಾಹೇಬ್ರಿಗೆ ಯಾವಾಗ ಹೇಳಿಕೊಡ್ತೀರಿ?”

ಕ್ರೋಟನ್‌ವಿಲ್‌ನಲ್ಲೂ ಇದೇ ಪ್ರಶ್ನೆ ಎದ್ದಿತು, ಫ್ಲೈಷ್‌ಮನ್ ಅಧ್ಯಯನ ಬಂದು ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. 1981ರಲ್ಲಿ ಮುಖ್ಯಸ್ಥರಾದ ಜ್ಯಾಕ್ ವೆಲ್ಚ್ ಆ ಶಾಲೆಗೆ ಆಗಾಗ ಬಂದು ತಾವೇ ಪಾಠಕ್ಕೆ ನಿಲ್ಲುತ್ತಿದ್ದರು. ಅಲ್ಲಿಯ ದೊಡ್ಡ ತರಗತಿಗೆ ‘ಪಿಟ್’ ಎಂದು ಹೆಸರು. ಕುಳಿತವರು ಮೇಲಿನ ಮೆಟ್ಟಿಲುಗಳಲ್ಲಿ, ಮಾತಾಡುವವನು ಕೆಳಗಿನ ಗುಂಡಿಯಲ್ಲಿ. ಕುಸ್ತಿ ಅಖಾಡದ ಏರ್ಪಾಡು. ಅಲ್ಲಿ ಮ್ಯಾನೇಜರುಗಳು ಬಾಯಿಬಿಟ್ಟು ಮಾತಾಡುತ್ತಿದ್ದರು. ಜೊತೆಗೆ, ತಮ್ಮ ತಮ್ಮ ಘಟಕಗಳಿಗೆ ಮರಳಿದರೆ ಹೀಗೆ ಮಾತಾಡುವ ಹಾಗಿಲ್ಲ ಎಂದೂ ದೂರುತ್ತಿದ್ದರು. ಇದನ್ನು ಕೇಳಿ ಕೇಳಿ 1988ರ ಸುಮಾರಿಗೆ ವೆಲ್ಚ್ ಮತ್ತು ಶಾಲೆಯ ಮುಖ್ಯಸ್ಥ ಜೇಮ್ಸ್ ಬಾಮನ್ ಶಾಲೆಯ ಆ ಗುಂಡಿಯನ್ನೇ ಕಾರ್ಖಾನೆಗೆ ಒಯ್ಯಲು ನಿರ್ಧರಿಸಿದರು. ‘ವರ್ಕ್‌ಔಟ್’ ಹುಟ್ಟಿದ್ದು ಹೀಗೆ.

ಅದರ ಕ್ರಮ ಇಷ್ಟೇ. ಒಂದು ಘಟಕದ ಹಲವು ಹಂತಗಳ ಜನ ಎರಡು ಮೂರು ದಿನ ಒಟ್ಟಿಗೆ ಕೂರುತ್ತಾರೆ. ಯಾರೂ ಓದದ ವರದಿ, ಬೇಡದ ಸಹಿ, ಸುಮ್ಮನೆ ನಡೆಯುವ ಮೀಟಿಂಗುಗಳ ಪಟ್ಟಿ ಮಾಡುತ್ತಾರೆ. ಆಗ ಸಾಹೇಬರು ಒಳಗಿರುವುದಿಲ್ಲ. ಕೊನೆಯ ದಿನ ಅವರನ್ನು ಕರೆಯುತ್ತಾರೆ. ಪ್ರತಿ ಸಲಹೆಗೂ ಅಲ್ಲೇ ನಿಂತು ಆಗಲಿ ಎನ್ನಬೇಕು, ಇಲ್ಲ ಎನ್ನಬೇಕು, ಇನ್ನಷ್ಟು ಮಾಹಿತಿ ಬೇಕಿದ್ದರೆ ಯಾವಾಗ ಉತ್ತರ ಕೊಡುತ್ತೇನೆಂದು ದಿನ ಗೊತ್ತುಮಾಡಬೇಕು. ‘ನೋಡೋಣ, ಪರಿಶೀಲಿಸೋಣ’ ನಡೆಯುವುದಿಲ್ಲ. (ನಮ್ಮ ಇಲಾಖೆಗಳಲ್ಲಿ ಈ ನಿಯಮ ಬಂದರೆ ಅರ್ಧ ಪತ್ರವ್ಯವಹಾರ ನಿಂತೇ ಹೋಗುತ್ತದೆ.) ಮ್ಯಾಸಚೂಸೆಟ್ಸ್‌ನ ಲಿನ್ ಕಾರ್ಖಾನೆಯಲ್ಲಿ ನಡೆದ ಒಂದು ವರ್ಕ್‌ಔಟ್ ಹೆಸರಾಗಿದೆ. ಅಲ್ಲಿನ ವಿಭಾಗ ಮುಖ್ಯಸ್ಥರ ಮುಂದೆ 108 ಸಲಹೆಗಳು ಬಂದವು. ಅವರ ಮೇಲಧಿಕಾರಿಯೂ ಆ ಕೋಣೆಯಲ್ಲೇ ಇದ್ದರು. ಆದರೆ ಕೆಲಸಗಾರರು ಕುರ್ಚಿಗಳನ್ನು ಹೇಗೆ ಹಾಕಿದ್ದರೆಂದರೆ, ವಿಭಾಗ ಮುಖ್ಯಸ್ಥರಿಗೆ ತಿರುಗಿ ನೋಡದೆ ಮೇಲಧಿಕಾರಿಯ ಮುಖ ಕಾಣುವಂತಿರಲಿಲ್ಲ. ಬೆವರೊರೆಸಿಕೊಳ್ಳುತ್ತ ಅವರು ಎಂಟನ್ನು ಬಿಟ್ಟು ಉಳಿದೆಲ್ಲಕ್ಕೂ ಅಲ್ಲೇ ಒಪ್ಪಿಗೆ ಕೊಟ್ಟರು. ಹದಿಮೂರು ವಾರದ ಕೋರ್ಸಿಗಿಂತ ಆ ಒಂದು ದಿನದಲ್ಲೇ ಅವರು ಹೆಚ್ಚು ಕಲಿತರು ಎಂದು ನನ್ನ ಎಣಿಕೆ.

ಹಾಗೆಂದು ವೆಲ್ಚ್ ಅವರ ಪಟಕ್ಕೆ ಕಟ್ಟು ಹಾಕಿಸಿ ತೂಗುಹಾಕಬೇಡಿ. ಕ್ರೋಟನ್‌ವಿಲ್ ಆವರಣಕ್ಕೆ ಹಣ ಸುರಿದು ಹೊಸದು ಮಾಡಿಸುತ್ತಿದ್ದ ವರ್ಷಗಳಲ್ಲೇ ಆ ಕಂಪನಿ ಲಕ್ಷದಷ್ಟು ಜನರ ಕೆಲಸವನ್ನು ಕಳೆಯಿತು. ಪ್ರತಿವರ್ಷ ಮ್ಯಾನೇಜರುಗಳನ್ನು ಸಾಲಾಗಿ ನಿಲ್ಲಿಸಿ ಕೊನೆಯ ಶೇ. 10ರಷ್ಟು ಮಂದಿಯನ್ನು ಹೊರಗೆ ಕಳಿಸುವ ಪದ್ಧತಿಯನ್ನೂ ಅವರೇ ಬೆಳೆಸಿದರು. ಬಾಯಲ್ಲಿ ಧೈರ್ಯವಾಗಿ ಮಾತಾಡು ಎನ್ನುತ್ತ ಕೈಯಲ್ಲಿ ಹೆಸರು ಹೊಡೆದುಹಾಕುವ ಪೆನ್ಸಿಲು ಹಿಡಿದಿದ್ದರೆ ಎಷ್ಟು ಜನ ಮಾತಾಡುತ್ತಾರೆ? ಆ ಶಾಲೆಯಲ್ಲಿ ಪಳಗಿದ ಹಲವರು ಬೇರೆ ಕಂಪನಿಗಳ ಮುಖ್ಯಸ್ಥರಾಗಿ ಹೋದರು. ಕೆಲವರು ನಿಂತರು, ಕೆಲವರು ಬಿದ್ದರು. ಕೊನೆಗೆ ಜನರಲ್ ಎಲೆಕ್ಟ್ರಿಕ್ ಮೂರು ಕಂಪನಿಗಳಾಗಿ ಒಡೆಯಿತು. ಕ್ರೋಟನ್‌ವಿಲ್ ಆವರಣವೂ ಮಾರಾಟಕ್ಕೆ ಬಂತು.

ಈ ಕಥೆಯ ಎಳೆಗಳು ನಮ್ಮೂರಿಗೂ ಬಂದಿವೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2000ದಲ್ಲಿ ತೆರೆದ ಆ ಕಂಪನಿಯ ತಂತ್ರಜ್ಞಾನ ಕೇಂದ್ರಕ್ಕೆ ವೆಲ್ಚ್ ಹೆಸರೇ ಇದೆ. ಮರುವರ್ಷ ಇನ್ಫೋಸಿಸ್ ಮೈಸೂರಿನಲ್ಲಿ ತನ್ನ ಲೀಡರ್‌ಶಿಪ್ ಸಂಸ್ಥೆಯನ್ನು ತೆರೆಯಿತು. ನನಗೆ ಹೆಚ್ಚು ಆಪ್ತವಾದದ್ದು ಮಾತ್ರ 1973ರ ಐಐಎಂ ಬೆಂಗಳೂರು. ಸಾರ್ವಜನಿಕ ವಲಯದ ಉದ್ಯಮಗಳನ್ನು ಕಣ್ಣಮುಂದೆ ಇಟ್ಟುಕೊಂಡೇ ಅದನ್ನು ಕಟ್ಟಿದರು. ಅದರ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನಗಾಡಿಗಳ ಸುಧಾರಣೆಗೆ ವರ್ಷಗಟ್ಟಲೆ ದುಡಿದವರು. ಮ್ಯಾನೇಜ್‌ಮೆಂಟ್ ಶಾಲೆಯ ಮುಖ್ಯಸ್ಥರಿಗೆ ನೊಗ, ಚಕ್ರ, ಎತ್ತಿನ ಕೊರಳ ಹುಣ್ಣಿನ ಚಿಂತೆ ಏಕೆ ಎಂದು ನಿಮಗೆ ನಗು ಬರಬಹುದು. ಹಳ್ಳಿಯ ಸರಕು ಸಾಗುತ್ತಿದ್ದದ್ದು ಆ ಗಾಡಿಗಳ ಮೇಲೆ. ಅವರು ಶಾಲೆಯ ಗೇಟಿನಾಚೆ ನೋಡಿದರು.

ಪದವೀಧರರೇ, ನಿಮ್ಮನ್ನು ಯಾರೋ ತರಬೇತಿಗೆ ಕಳಿಸುವ ದಿನಕ್ಕಿಂತ, ನೀವು ಇನ್ನೊಬ್ಬರನ್ನು ಕಳಿಸುವ ದಿನದ ಬಗ್ಗೆ ನನಗೆ ಹೆಚ್ಚು ಕಾಳಜಿ. ಆ ಹುಡುಗನೋ ಹುಡುಗಿಯೋ ಒಂದು ವಾರ ಮುಗಿಸಿ ಸೋಮವಾರ ಬೆಳಿಗ್ಗೆ ನಿಮ್ಮ ಕೋಣೆಗೆ ಬರುತ್ತಾರೆ. ಆಗ “ಪಿಕ್‌ನಿಕ್ ಮುಗೀತಾ? ಆ ಬಾಕಿ ಫೈಲು ತಗೊಳ್ಳಿ” ಎನ್ನಬೇಡಿ. ಅರ್ಧ ಗಂಟೆ ಕೂರಿಸಿಕೊಳ್ಳಿ. ನಮ್ಮ ವಿಭಾಗದಲ್ಲಿ ಯಾವುದನ್ನು ನಿಲ್ಲಿಸಬೇಕು ಅನ್ನಿಸಿತು ಎಂದು ಕೇಳಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಆ ವಾರವೇ ಮಾಡಿ. ಆಗದಿದ್ದರೆ ಏಕಾಗದು ಎಂದು ಅವರಿಗೇ ತಿಳಿಸಿ. ನಿಮ್ಮ ಮೇಲೊಬ್ಬ ಸಾಹೇಬರಿದ್ದು ಅವರಿಗೆ ಇದು ಹಿಡಿಸದೆ ಹೋಗಬಹುದು. ಆ ಬಿಸಿಯನ್ನು ನೀವು ತಡೆದುಕೊಳ್ಳಬೇಕು, ಕೆಳಗೆ ದಾಟಿಸಬಾರದು.

ಈ ಸಂಸ್ಥೆಗೂ ಒಂದು ವಿನಂತಿ. ನಿರ್ದೇಶಕರೇ, ಕಂಪನಿಗಳ ಮ್ಯಾನೇಜರುಗಳಿಗೆಂದು ಹೊಸ ತರಬೇತಿ ಕೇಂದ್ರ ಕಟ್ಟುವ ಯೋಚನೆ ಇದೆಯೆಂದು ಹೇಳಿದಿರಿ. ಕಟ್ಟಿ. ಕಳಿಸುವ ಕಂಪನಿಗಳಿಗೆ ಒಂದು ಷರತ್ತು ಹಾಕಿ: ಕೊನೆಯ ದಿನ ಮಧ್ಯಾಹ್ನ ಅವರ ಮೇಲಧಿಕಾರಿಗಳು ಇಲ್ಲಿಗೆ ಬರಬೇಕು, ತಮ್ಮವರ ಮುಂದೆ ನಿಂತು ಉತ್ತರ ಹೇಳಬೇಕು. ಬರಲೊಲ್ಲದ ಕಂಪನಿಯ ಫೀಸನ್ನು ಹಿಂದಿರುಗಿಸಿ. ಮೊದಲ ವರ್ಷ ಬ್ಯಾಚು ತುಂಬದೆ ಹೋಗಬಹುದು. ಆಡಳಿತ ಮಂಡಳಿಯವರು ಈಗಲೇ ಇಲ್ಲಿ ಕುಳಿತಿದ್ದಾರೆ, ಒಪ್ಪಿಗೆ ಇವತ್ತೇ ಕೇಳಿಬಿಡಿ.