ದೋಣಿಯ ಮನೆ, ಶಾಲೆಯ ಗಂಟೆ

(ವಾರ್ಷಿಕ ಸಮಾವೇಶದಲ್ಲಿ ಪೋಷಕರನ್ನು ಉದ್ದೇಶಿಸಿ ಆಡಿದ ಮಾತುಗಳ ಬರಹರೂಪ)





ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವಳು. ಆದ್ದರಿಂದ ಪದಗಳಿಂದಲೇ ಮಾತು ಆರಂಭಿಸುತ್ತೇನೆ. ಬಂದರು, ಲಂಗರು, ತೂಫಾನು, ಖಲಾಸಿ. ಇವನ್ನು ಕುಂದಾಪುರದ ಯಾವ ಮೀನುಗಾರನ ಬಾಯಲ್ಲಿ ಕೇಳಿದರೂ ಕನ್ನಡ ಪದಗಳೆಂದೇ ನಿಮಗೆ ಅನಿಸುತ್ತದೆ. ಆದರೆ ಇವು ಅರಬ್ಬಿ, ಫಾರಸಿ ಭಾಷೆಗಳಿಂದ ಹಡಗಿನೊಡನೆ ನಮ್ಮ ದಡಕ್ಕೆ ಬಂದ ಪದಗಳು. ಶಿರೂರು, ಗಂಗೊಳ್ಳಿಗಳಲ್ಲಿ 'ನಾಖುದಾ' ಎಂದು ಕರೆಯಿಸಿಕೊಳ್ಳುವ ಮನೆಗಳಿವೆ. 'ನಾವ್' ಎಂದರೆ ದೋಣಿ, 'ಖುದಾ' ಎಂದರೆ ಇಲ್ಲಿ ಒಡೆಯ. ದೋಣಿಯ ಒಡೆಯನೇ ನಾಖುದಾ. ನಮ್ಮ ಕನ್ನಡದ 'ನಾವೆ'ಯೂ ಅದೇ ಕುಲದ ಪದ.

ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ 14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಾಗಿದಾಗ ಬಸ್ರೂರು, ಬಾರ್ಕೂರುಗಳನ್ನು ಹೆಸರಿಸಿ ಬರೆದಿದ್ದಾನೆ. ಬಾರ್ಕೂರನ್ನು ಅವನು 'ಫಾಕನೂರ್' ಎಂದ. ಅಂದರೆ ದೋಣಿಯ ಕಸುಬು ನಮ್ಮ ಊರುಗಳಲ್ಲಿ ನಿನ್ನೆ ಮೊನ್ನೆಯದಲ್ಲ. ಅದರಲ್ಲಿ ನಾಚಿಕೆಪಡುವಂಥದ್ದೂ ಏನಿಲ್ಲ. ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ಒಬ್ಬ ಟೀಚರ್ ದೋಣಿಯ ವಿಷಯ ಎತ್ತಿದರೆ, "ಇವರು ನಮ್ಮ ಕಸುಬನ್ನು ಹಳಿಯುತ್ತಾರೆ" ಎಂದು ಕೆಲವರು ಮುಖ ತಿರುಗಿಸುತ್ತಾರೆ. ನಾನು ಹಳಿಯಲು ಬಂದವಳಲ್ಲ.

ಈಗ ನಮ್ಮ ಕರಾವಳಿಯ ದೋಣಿಗಳು ಮೀನನ್ನು ಮಾತ್ರ ತರುವುದಿಲ್ಲ, ಪ್ರವಾಸಿಗರನ್ನೂ ಹೊರುತ್ತವೆ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳು ಹೋಗುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣಿದು ಕಂಬಗಳಾಗಿ ನಿಂತ ಅಲ್ಲಿನ ಬಂಡೆಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ. ಶಿರೂರಿನ ಗಡಿ ದಾಟಿ ಮುರ್ಡೇಶ್ವರಕ್ಕೆ ಹೋದರೆ, ನೇತ್ರಾಣಿ ದ್ವೀಪದ ಹವಳದ ದಿಬ್ಬಗಳ ಬಳಿ ಮುಳುಗಿ ನೋಡುವವರನ್ನು ಕರೆದೊಯ್ಯುವ ದೋಣಿಗಳಿವೆ. ಆ ಎರಡು ದ್ವೀಪಗಳಲ್ಲೂ ಸಂಸಾರಗಳಿಲ್ಲ. ಆದರೆ ಬ್ರಹ್ಮಾವರದ ಕಡೆ, ಸೀತಾ ಮತ್ತು ಸ್ವರ್ಣಾ ನದಿಗಳು ಕೋಡಿ ಬೆಂಗ್ರೆಯ ಹತ್ತಿರ ಸಮುದ್ರ ಸೇರುವಲ್ಲಿ ಇರುವ ಕುದ್ರುಗಳ ಮಾತು ಬೇರೆ. ಅಲ್ಲಿ ಮನೆಗಳಿವೆ, ಮಕ್ಕಳಿದ್ದಾರೆ. ಅಂಥ ಒಂದು ಕುದ್ರುವಿನ ಮನೆಯ ಕಥೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಹೆಸರು ಹೇಳುವುದಿಲ್ಲ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒಂಬತ್ತನೇ ತರಗತಿ. ಉರ್ದು ಚೆನ್ನಾಗಿ ಓದುತ್ತಿದ್ದ, ಕನ್ನಡದಲ್ಲಿ ತಪ್ಪಿಲ್ಲದೆ ಪತ್ರ ಬರೆಯುತ್ತಿದ್ದ. ಡಿಸೆಂಬರ್ ಬಂದೊಡನೆ ವಾರಕ್ಕೆ ಎರಡು ದಿನ ಇಲ್ಲ, ಆಮೇಲೆ ನಾಲ್ಕು ದಿನ ಇಲ್ಲ. ಒಂದು ದಿನ ಬಂದಾಗ ಎಲ್ಲರ ಮುಂದೆ ಗದರಿಸಿದೆ: "ನಿನಗೆ ಓದು ಬೇಡವಾದರೆ ಹೇಳಿಬಿಡು." ಅವನು ತಲೆ ತಗ್ಗಿಸಿ ನಿಂತ. ಮರುದಿನದಿಂದ ಪೂರ್ತಿ ನಿಂತೇಬಿಟ್ಟ.

ಮುಂದಿನ ಭಾನುವಾರ ನಾನು ಹೊಳೆ ದಾಟಿ ಅವನ ಮನೆಗೆ ಹೋದೆ. ಕುದ್ರುವಿನ ಬದುಕನ್ನು ದಡದಿಂದ ನೋಡಿದರೆ ಅದು ಬರೀ ತೆಂಗಿನ ಮರಗಳ ಚಿತ್ರ. ಹತ್ತಿರ ಹೋದರೆ ತಿಳಿಯುತ್ತದೆ, ಅಲ್ಲಿ ಅಕ್ಕಿ, ಗ್ಯಾಸು, ಔಷಧಿ ಎಲ್ಲವೂ ನೀರು ದಾಟಿಯೇ ಬರಬೇಕು. ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾದರೆ ಕುಡಿಯುವ ನೀರೂ ದೋಣಿಯಲ್ಲೇ ಬರಬೇಕು. ತಂದೆ ದೋಣಿಯನ್ನು ಬಾಡಿಗೆಗೆ ಓಡಿಸುತ್ತಾರೆ. ತಾಯಿ ಒಂದು ಹಳೆಯ ನೋಟುಪುಸ್ತಕದಲ್ಲಿ ಉರ್ದುವಿನಲ್ಲಿ ಲೆಕ್ಕ ಬರೆಯುತ್ತಾರೆ: ಇಂದು ಎಷ್ಟು ಟ್ರಿಪ್, ಡೀಸೆಲ್ ಎಷ್ಟು, ಎಂಜಿನ್ ರಿಪೇರಿಗೆ ಎಷ್ಟು. ಮಗ್ರಿಬ್ ಆದರೂ ದೋಣಿ ಬಾರದಿದ್ದರೆ ಅಡುಗೆಮನೆಯಿಂದ ಕಡವಿನವರೆಗೆ ನಾಲ್ಕು ಸಲ ನಡೆಯುವವರೂ ಅವರೇ.

ಆ ತಾಯಿ ನನಗೆ ಚಹಾ ಕೊಟ್ಟು ಹೇಳಿದ ಮಾತು ಇದು: "ಟೀಚರ್, ಜೂನ್ ತಿಂಗಳಲ್ಲಿ ನೀವು ನೋಟುಪುಸ್ತಕ, ಚೀಲ, ಕೊಡೆ ಎಲ್ಲ ಕೇಳುತ್ತೀರಿ. ಆಗ ನಮ್ಮ ದೋಣಿ ದಡದ ಮೇಲೆ ಕವುಚಿ ಬಿದ್ದಿರುತ್ತದೆ, ಕೈಯಲ್ಲಿ ಕಾಸಿಲ್ಲ. ಡಿಸೆಂಬರಿನಲ್ಲಿ ನೀವು ಹುಡುಗನನ್ನು ಕೇಳುತ್ತೀರಿ. ಆಗ ದೋಣಿ ನೀರಿನಲ್ಲಿರುತ್ತದೆ, ಅವನ ಕೈ ನಮಗೂ ಬೇಕು."

ಆತ್ಮೀಯರೇ, ಬಿ.ಎಡ್. ತರಗತಿಯಲ್ಲಿ ಯಾರೂ ನನಗೆ ಈ ಪಾಠ ಹೇಳಿಕೊಟ್ಟಿರಲಿಲ್ಲ. ಸಮುದ್ರದ ವರ್ಷ ಬೇರೆ, ಶಾಲೆಯ ವರ್ಷ ಬೇರೆ. ಪ್ರವಾಸಿಗರು ಬರುವುದು ಅಕ್ಟೋಬರಿನಿಂದ ಮೇ ತನಕ. ಶಾಲೆಯ ಮುಖ್ಯ ಪಾಠಗಳು, ಪರೀಕ್ಷೆಗಳು ನಡೆಯುವುದೂ ಆಗಲೇ. ಮಳೆಗಾಲದಲ್ಲಿ ದ್ವೀಪದ ದೋಣಿಗಳು ನಿಲ್ಲುತ್ತವೆ. ಯಾಂತ್ರೀಕೃತ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಶಾಲೆ ಬಾಗಿಲು ತೆರೆದು ಖರ್ಚು ಕೇಳುವುದು ಸರಿಯಾಗಿ ಅದೇ ಹೊತ್ತಿಗೆ. ಆ ತಾಯಿಯನ್ನು "ಶಿಕ್ಷಣದ ಮಹತ್ವ ತಿಳಿಯದವರು" ಎಂದು ನಾವು ಸುಲಭವಾಗಿ ಕರೆದುಬಿಡುತ್ತೇವೆ. ಅವರಿಗೆ ಮಹತ್ವ ತಿಳಿದಿದೆ, ಕ್ಯಾಲೆಂಡರ್ ಹೊಂದುತ್ತಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ಹುಡುಗನ ಕೈ ಬೇಕಾಗಿದ್ದದ್ದು ಹಗ್ಗ ಎಳೆಯಲು ಅಲ್ಲ. ಹೈದರಾಬಾದಿನವರು ಬಂದರೆ ಉರ್ದು, ಬೆಂಗಳೂರಿನವರು ಬಂದರೆ ಶುದ್ಧ ಕನ್ನಡ. ಎರಡನ್ನೂ ಚೆನ್ನಾಗಿ ಆಡಬಲ್ಲವನು ಮನೆಯಲ್ಲಿ ಅವನೊಬ್ಬನೇ. ಅಂದರೆ ನಾನು ಕಲಿಸಿದ ಭಾಷೆಯೇ ಅವನನ್ನು ನನ್ನ ತರಗತಿಯಿಂದ ಎಬ್ಬಿಸಿಕೊಂಡು ಹೋಗಿತ್ತು!

ಹಾಗಾದರೆ ಅವನು ದೋಣಿಯಲ್ಲೇ ಇರಲಿ ಎನ್ನೋಣವೇ? ಉತ್ತರ ಆ ಮನೆಯ ಜಗಲಿಯಲ್ಲೇ ಕುಳಿತಿತ್ತು. ಅವನ ಅಣ್ಣ ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಅಳಿವೆಯಲ್ಲಿ ಅಲೆ ಹೇಗೆ ಮುರಿಯುತ್ತದೆ, ಮರಳ ದಿಬ್ಬ ಎಲ್ಲಿ ಸರಿದಿದೆ ಎಂದು ಕಣ್ಣಲ್ಲೇ ಅಳೆಯಬಲ್ಲವನು. ಆದರೆ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ದೋಣಿಗೆ ನೋಂದಣಿ ಬೇಕು, ನಡೆಸುವವನಿಗೆ ಅರ್ಹತಾ ಪ್ರಮಾಣಪತ್ರ ಬೇಕು. ಆ ಅರ್ಜಿಯನ್ನು ಓದಿ ತುಂಬಲು ಅವನಿಗೆ ಬರುವುದಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವನು ಬೇರೊಬ್ಬರ ದೋಣಿಯಲ್ಲಿ ಸಹಾಯಕ. "ಟೀಚರ್, ನೀರು ಓದಲು ನನಗೆ ಬರುತ್ತದೆ, ಕಾಗದ ಓದಲು ಬರುವುದಿಲ್ಲ. ಇವನನ್ನು ಕರೆದುಕೊಂಡು ಹೋಗಿ" ಎಂದವನು ಅವನೇ. ತಾಯಿ ಏನೂ ಹೇಳಲಿಲ್ಲ, ಲೆಕ್ಕದ ಪುಸ್ತಕವನ್ನು ಮಡಚಿಟ್ಟರು.

ಇದು ಬರೀ ಒಬ್ಬ ಹುಡುಗನ ಸಂಬಳದ ಪ್ರಶ್ನೆಯಲ್ಲ. 2022ರ ಏಪ್ರಿಲ್‌ನಲ್ಲಿ ಸೈಂಟ್ ಮೇರೀಸ್ ದ್ವೀಪದಲ್ಲಿ ಕೇರಳದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸಮುದ್ರಪಾಲಾದರು. ಪ್ರವಾಸಿಗರಿಗೆ ನೀರಿನ ಪರಿಚಯ ಇರುವುದಿಲ್ಲ. ಹವಾಮಾನದ ಎಚ್ಚರಿಕೆಯನ್ನು ಓದಿ, "ಇಂದು ದೋಣಿ ಬಿಡುವುದಿಲ್ಲ" ಎನ್ನಬಲ್ಲವನು, ಲೈಫ್ ಜಾಕೆಟ್ ಎಣಿಸಿ, "ಇನ್ನಿಬ್ಬರಿಗೆ ಜಾಗವಿಲ್ಲ" ಎಂದು ಹಣವನ್ನು ಬಿಡಬಲ್ಲವನು ದೋಣಿಯಲ್ಲಿ ಇರಬೇಕು. ಅವನೇ ನಿಜವಾದ ನಾಖುದಾ. ಅವನು ಓದಿದವನಾಗಿದ್ದರೆ ಕಸುಬಿಗೂ ಗೌರವ, ಜೀವಕ್ಕೂ ಭದ್ರತೆ.

ಆದ್ದರಿಂದ ನಿಮ್ಮೆಲ್ಲರಲ್ಲಿ ನನ್ನ ವಿನಂತಿ ಮೂರು.

ಮೊದಲನೆಯದು ಪೋಷಕರಿಗೆ. ಸೀಸನ್ನಿನಲ್ಲಿ ಟ್ರಿಪ್ ಒಂದಕ್ಕೆ 20 ರೂಪಾಯಿಯನ್ನು ಬೇರೆ ಡಬ್ಬಿಯಲ್ಲಿ ಹಾಕಿ. ವಾರಕ್ಕೆ 6 ಟ್ರಿಪ್ ಎಂದರೂ 120 ರೂಪಾಯಿ. ಅಕ್ಟೋಬರಿನಿಂದ ಮೇ ತನಕ 32 ವಾರ ಹಿಡಿದರೆ 3,840 ರೂಪಾಯಿ. ಜೂನ್ ತಿಂಗಳ ನೋಟುಪುಸ್ತಕ, ಕೊಡೆ, ಚೀಲದ ಚಿಂತೆ ಬಹುಮಟ್ಟಿಗೆ ಕಳೆಯಿತು. ಲೆಕ್ಕ ಬರೆಯುವ ತಾಯಂದಿರ ಕೈಗೇ ಆ ಡಬ್ಬಿಯ ಬೀಗದ ಕೈ ಕೊಡಿ.

ಎರಡನೆಯದು ನಮ್ಮಂಥ ಸಂಸ್ಥೆಗಳಿಗೆ. ವಿದ್ಯಾರ್ಥಿವೇತನವನ್ನು ವಾರ್ಷಿಕೋತ್ಸವದ ವೇದಿಕೆಯಲ್ಲಿ ಹಾರ ಹಾಕಿ ಕೊಡುವುದಕ್ಕಿಂತ ಜೂನ್ ಮೊದಲ ವಾರದಲ್ಲಿ ಸದ್ದಿಲ್ಲದೆ ತಲುಪಿಸಿ. ಸಮಯಕ್ಕೆ ಸಿಕ್ಕ ಸಾವಿರ ರೂಪಾಯಿ, ತಡವಾಗಿ ಸಿಕ್ಕ ಐದು ಸಾವಿರಕ್ಕಿಂತ ದೊಡ್ಡದು.

ಮೂರನೆಯದು ನನ್ನ ಶಿಕ್ಷಕ ಮಿತ್ರರಿಗೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗು ಮನೆಯ ಕಸುಬಿಗೆ ಕೈಜೋಡಿಸುವುದಾದರೂ ಅದು ಶಾಲೆಯ ಹೊತ್ತಿನ ನಂತರ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮಾತ್ರ. ಇದನ್ನು ಮನೆಯವರಿಗೆ ತಿಳಿಸೋಣ. ಜೊತೆಗೆ, ಹುಡುಗ ಬಾರದಿದ್ದರೆ ಗದರಿಸುವ ಮೊದಲು ಒಮ್ಮೆ ಹೊಳೆ ದಾಟೋಣ.

ನಾನು ಆ ಹುಡುಗನಲ್ಲಿ ಅದೇ ತರಗತಿಯ ಮುಂದೆ ಕ್ಷಮೆ ಕೇಳಿದೆ. ಮನೆಯವರೊಡನೆ ಒಪ್ಪಂದವಾಯಿತು: ಶಾಲೆಯ ದಿನಗಳಲ್ಲಿ ಅವನು ಶಾಲೆಗೆ, ಭಾನುವಾರ ಕಡವಿನಲ್ಲಿ ನಿಂತು ಬಂದವರೊಡನೆ ಮಾತಾಡಿ, ಹೆಸರು ಬರೆದುಕೊಳ್ಳುವುದು. ದೋಣಿ ನಡೆಸುವುದು ದೊಡ್ಡವರ ಕೆಲಸ. ಬಿಟ್ಟುಹೋದ ಪಾಠಗಳನ್ನು ಜನವರಿಯಲ್ಲಿ ಸಂಜೆ ಹೊತ್ತು ಹೇಳಿಕೊಟ್ಟೆ. ಅವನು ಹತ್ತನೇ ತರಗತಿಗೆ ದಾಟಿದ. ಈಗ ರಾತ್ರಿ ಹೊತ್ತು ಅಣ್ಣನಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದಾನಂತೆ. ಅಣ್ಣ ಇನ್ನೂ ಅರ್ಜಿ ತುಂಬಿಲ್ಲ, ಆದರೆ ತನ್ನ ಹೆಸರನ್ನು ತಾನೇ ಬರೆಯುತ್ತಾನೆ.

ದೋಣಿಯ ಮನೆಗಳ ಮಕ್ಕಳು ದೋಣಿಯನ್ನು ಬಿಡಬೇಕೆಂದು ನಾನು ಕೇಳುವುದಿಲ್ಲ. ಓದಿದ ಮೇಲೆ ಅವರು ಅದಕ್ಕೇ ಮರಳಿದರೂ ಸಂತೋಷವೇ. ಬೇರೆ ದಾರಿಯಿಲ್ಲದೆ ಮರಳುವಂತೆ ಮಾತ್ರ ಆಗದಿರಲಿ. ಅದಕ್ಕೆ ನಾವೆಲ್ಲರೂ ಸ್ವಲ್ಪ ಸ್ವಲ್ಪ ಹುಟ್ಟು ಹಾಕೋಣ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.